ಘಾಟಿಗೆ ಕೊಟ್ಟ ಗಾಳಿ

ನಮ್ಮ ಮನೆಯ ಗಾಳಿ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೇ ಬರುತ್ತಿತ್ತು. ಹಾಗಾಗಿ ನಾನು ಶಾಲೆ ಬಿಟ್ಟೆ. ಅವ್ವ ಇರುವವರೆಗೆ ಹಿತ್ತಲ ಬಾಗಿಲು ತೆರೆಯುವ ಕೆಲಸ ಅವಳದಾಗಿತ್ತು. ಅವಳು ಹೋದ ಮೇಲೆ ಅಕ್ಕ ಬಂಗಾರವ್ವ ತೆರೆಯುತ್ತಿದ್ದಳು. ಅಕ್ಕ ಮದುವೆಯಾಗಿ ಗುಡ್ಡದಾಚೆಯ ಊರಿಗೆ ಹೋದಳು. ಮನೆಯಲ್ಲಿ ಯಾರೂ ಇಲ್ಲದಾಗ ಗಾಳಿ ಬಂದರೆ ಕದಕ್ಕೆ ಬಡಿದು ಬಡಿದು, ಕೊನೆಗೆ ಸಿಟ್ಟಿಗೆದ್ದು ಹಂಚು ಕಿತ್ತು ಅಂಗಳಕ್ಕೆ ಎಸೆಯುತ್ತಿತ್ತು. ಮಾಸ್ತರರು ಮನೆಯವರೆಗೂ ಬಂದು, ನಮ್ಮನ್ನು ಸಾಕುತ್ತಿದ್ದ ಸೋದರತ್ತೆಗೆ ಹೇಳಿ ನೋಡಿದರು. "ಹುಡುಗಿ ಚಲೋ ಓದ್ತಾಳ, ಫಕ್ಕೀರವ್ವ, ಬಿಡಿಸಬ್ಯಾಡ್ರಿ." ಅತ್ತೆ ಹಿಟ್ಟಿನ ಕೈ ತೊಳೆಯದೆಯೇ ಉತ್ತರ ಕೊಟ್ಟಳು. "ಹಂಗಾದ್ರ ನೀವ ದಿನಾ ಬಂದು ನಮ್ಮ ಬಾಗಲಾ ತಗೀರಿ, ಮಾಸ್ತರ." ಮಾಸ್ತರರ ಮನೆಯ ಗಾಳಿ ಸಂಜೆಯದು. ಅವರಿಗೆ ನಮ್ಮ ಕಷ್ಟ ಗೊತ್ತಿರಲಿಲ್ಲ.

ನಮ್ಮೂರಲ್ಲಿ ಒಬ್ಬರ ಗಾಳಿ ತಾನಾಗಿ ಇನ್ನೊಬ್ಬರ ಮನೆಗೆ ಹೋಗುವುದಿಲ್ಲ. ಕೆಲವರದು ಕೋಳಿ ಕೂಗುವಾಗ ಬಂದು ಮುಖ ತೊಳೆಯುವಷ್ಟರಲ್ಲಿ ಹೋಗಿಬಿಡುತ್ತದೆ. ದುಂಡಪ್ಪಜ್ಜನದು ಹೊಗೆಸೊಪ್ಪಿನ ವಾಸನೆಯ ಮುದಿ ಗಾಳಿ, ಹಗ್ಗದ ಮೇಲಿನ ಧೋತರ ಅಲುಗಿಸುವಷ್ಟೂ ತ್ರಾಣ ಅದಕ್ಕಿಲ್ಲ. ನಮ್ಮದು ಬೆಳಗಿನಿಂದ ದೀಪ ಹಚ್ಚುವವರೆಗೆ ಬೀಸುವಂಥದು, ಊರಿಗೇ ದೊಡ್ಡದು. ಸುಗ್ಗಿ ಬಂತೆಂದರೆ ಮಂದಿ ಬಾಗಿಲಿಗೆ ಬಂದು, "ಒಂದು ಹೊತ್ತು ನಿಮ್ಮ ಗಾಳಿ ಕಣಕ್ಕ ಕಳಸ್ರಿ, ಜೋಳ ತೂರೂದೈತಿ" ಎಂದು ಕೇಳುತ್ತಿದ್ದರು. ಕಳಿಸುವುದೇನು ದೊಡ್ಡ ಕೆಲಸವಲ್ಲ. ಗಾಳಿ ಬಂದಾಗ ಹಿತ್ತಲ ಬಾಗಿಲಲ್ಲಿ ನಿಂತು ಸೆರಗೊಡ್ಡಿ, ಹೋಗಬೇಕಾದ ಜಾಗದ ಹೆಸರು ಹೇಳಿದರಾಯಿತು. ಕೆಲಸ ಮುಗಿದ ಮೇಲೆ ಅವರೇ ಅದನ್ನು ಮನೆಯ ದಾರಿಗೆ ಹಚ್ಚಿ ಕೊಡುತ್ತಾರೆ. ಆದರೆ ಕಳಿಸಿದವರು ಗಾಳಿಯ ಬೆನ್ನು ಹತ್ತಿ ಅಲ್ಲಿಗೆ ಹೋಗಬಾರದು. ಹೋದರೆ, ಕೊಟ್ಟದ್ದನ್ನು ಕಣ್ಣಿಟ್ಟು ಕಾಯಲು ಬಂದಳು ಎಂದು ಆಡಿಕೊಳ್ಳುತ್ತಾರೆ. ಹಾಗೆ ಹೋದ ಒಬ್ಬ ಸೊಸೆಯನ್ನು ಅವಳು ಮುದುಕಿಯಾಗುವವರೆಗೂ ಊರವರು ಆಡಿಕೊಳ್ಳದೆ ಬಿಡಲಿಲ್ಲ.

ತಾಯಿಯ ಗಾಳಿ ಹಿರಿ ಮಗಳದು. ಅಕ್ಕ ಗಂಡನ ಮನೆಗೆ ಹೋಗುವಾಗ ಅದನ್ನು ಜೊತೆಗೆ ಒಯ್ಯಬಹುದಿತ್ತು. ಬೀಗರೂ ಅದನ್ನೇ ನೆಚ್ಚಿಕೊಂಡಿದ್ದರು. ಅವಳು ಒಯ್ಯಲಿಲ್ಲ. "ಅಲ್ಲಿ ನನಗ ಗಂಡ ಅದಾನ. ನೀ ಯಾರ ಜೋಡಿ ಮಾತಾಡ್ತೀ? ಮಂದಿ ಕಂಡ್ರ ಕಂಬದ ಹಿಂದ ನಿಲ್ತಿ. ಇದರ ಜೋಡಿನಾದ್ರೂ ಮಾತಾಡು" ಎಂದು ನನಗೆ ಬಿಟ್ಟು ಹೋದಳು. ಅದು ನಿಜ. ನಾನು ಗಾಳಿಯ ಜೊತೆ ಮಾತಾಡುತ್ತಿದ್ದೆ. ಅದು ಸೆರಗು ಎಳೆದು, ಕೂದಲು ಕೆದರಿ ಉತ್ತರ ಕೊಡುತ್ತಿತ್ತು.

ಅತ್ತೆಯದು ಊರ ಕೊನೆಯಲ್ಲಿ ಖಾನಾವಳಿ. ಅಲ್ಲಿಂದ ರಸ್ತೆ ಗುಡ್ಡದ ಘಾಟು ಏರುತ್ತದೆ. ಘಾಟಿನ ನೆತ್ತಿಯಲ್ಲಿ ನಮ್ಮ ಕಡೆಯ ದಂಡು, ಎದುರಿನ ಗುಡ್ಡದ ಮೇಲೆ ಆಚೆಯವರ ದಂಡು. ಮನೆಗಳಿಲ್ಲದ ಜಾಗವಾದ್ದರಿಂದ ಅಲ್ಲಿ ಗಾಳಿಯೇ ಇಲ್ಲ. ಬಿಸಿಲೂ ಎರಡು ಗುಡ್ಡಗಳ ನಡುವೆ ಸಿಕ್ಕಿ ಬೇಗ ಸಾಯುತ್ತದೆ. ದೀಪ, ಒಲೆ, ನೀರೆತ್ತುವ ಪಂಪು ಎಲ್ಲಕ್ಕೂ ಎಣ್ಣೆ ಬೇಕು. ಎಣ್ಣೆಯ ಟ್ಯಾಂಕರುಗಳು ಬಯಲಿನಿಂದ ಬಂದು ನಮ್ಮ ಖಾನಾವಳಿಯ ಮುಂದೆ ನಿಲ್ಲುತ್ತಿದ್ದವು. ಡ್ರೈವರುಗಳು ಉಂಡು ಮೇಲೆ ಹೋಗುತ್ತಿದ್ದರು. ಆಚೆಯವರು ಕಾಯುವುದು ಟ್ಯಾಂಕರನ್ನೇ. ಒಂದು ಗುಂಡು ತಾಗಿದರೆ ಸಾಕು, ಬಿಡಿಸಿ ಹೇಳಬೇಕಿಲ್ಲ.

ಆ ಡ್ರೈವರುಗಳಲ್ಲಿ ಒಂದು ಪದ್ಧತಿ ಇತ್ತು. ತಾಟಿನಲ್ಲಿ ಒಂದು ತುತ್ತು ರೊಟ್ಟಿ ಬಿಟ್ಟು ಏಳುವರು. ಆ ತಾಟು ನಾನು ತೊಳೆಯುವಂತಿರಲಿಲ್ಲ. ಒಳಗೋಡೆಯ ಮಾಡದಲ್ಲಿ ಹಾಗೇ ಇಡಬೇಕು. ಘಾಟು ಇಳಿದು ಬಂದವನು ಒಣಗಿದ ಆ ತುತ್ತು ತಿಂದ ಮೇಲೆಯೇ ತಾಟು ಬಚ್ಚಲಿಗೆ ಬರುವುದು. ಇಳಿದು ಬರದವನ ತಾಟನ್ನು ಅತ್ತೆ ತಾನೇ ತೊಳೆಯುತ್ತಿದ್ದಳು. ಆಗ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ತೊಳೆದ ಮೇಲೆ ಅದೇ ತಾಟಿನಲ್ಲಿ ಮುಂದಿನವನಿಗೆ ಊಟ. ಅವನು ಅದರಲ್ಲಿ ನಗುತ್ತಾ ಉಣ್ಣುವುದನ್ನು ಅಡುಗೆಮನೆಯ ಕಿಂಡಿಯಿಂದ ನೋಡುವಾಗ ನನ್ನ ಕಿವಿ ಬಿಸಿಯಾಗುತ್ತಿತ್ತು. ಅವರ ಊಟದಿಂದಲೇ ನಮ್ಮ ಊಟ ನಡೆಯುತ್ತಿತ್ತು. ಘಾಟಿನಲ್ಲಿ ಜಗಳ ನಿಂತರೆ ನಮ್ಮ ಒಲೆಯೂ ನಿಲ್ಲುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಆಡುತ್ತಿರಲಿಲ್ಲ.

ಲಾಡಸಾಬಣ್ಣ ಎಲ್ಲರಿಗಿಂತ ಹಳೆಯ ಡ್ರೈವರು. ಅವನು ಬಂದರೆ ಖಾನಾವಳಿ ತುಂಬಿದಂತೆ. "ಏ ಫಕ್ಕೀರವ್ವ, ಈ ರೊಟ್ಟಿ ನನ್ನ ಟೈರಿಗೆ ಬಡದ್ರ ಪಂಚರ್ ಮುಚ್ಚತೈತಿ ನೋಡು." ಅತ್ತೆ ಸುಮ್ಮನಿರುವವಳಲ್ಲ. "ನಿನ್ನ ಬಾಯಿಗೆ ಬಡೀಬೇಕಂತನ ಮಾಡೇನಿ, ಉಣ್ಣು." ನನ್ನನ್ನು ಕಂಡರೆ ಅವನು ಕಿಂಡಿಯ ಕಡೆ ಬೆನ್ನು ತಿರುಗಿಸಿ ಕೂರುತ್ತಿದ್ದ. ನಾನು ನಾಚುತ್ತೇನೆ ಎಂದು ಅವನಿಗೆ ತಿಳಿದಿತ್ತು. "ನೀಲವ್ವ, ನಾ ನೋಡಂಗಿಲ್ಲ, ಪಲ್ಯಾ ಇಟ್ಟು ಹೋಗು" ಎನ್ನುವನು. ಎಷ್ಟೋ ದಿನ ನಾನು ಅವನ ಬೆನ್ನನ್ನಷ್ಟೇ ನೋಡಿದ್ದೆ. ಬೆನ್ನು ನೋಡಿಯೇ ಅವನು ಘಾಟಿಗೆ ಹೆದರುತ್ತಾನೆ ಎಂದು ತಿಳಿದುಕೊಂಡಿದ್ದೆ. ತುತ್ತು ಬಿಡುವ ಹೊತ್ತಿಗೆ ಅವನ ಭುಜ ಗಟ್ಟಿಯಾಗುತ್ತಿತ್ತು.

ಚಳಿಗಾಲದಲ್ಲಿ ಮಾತ್ರ ಘಾಟಿನ ಮೇಲೆ ಹಿಮ ಕೂತು ದಾರಿ ಮುಚ್ಚುತ್ತದೆ. ಆಗ ಎರಡೂ ದಂಡು ಕೆಳಗಿಳಿಯುತ್ತಿದ್ದವು. ತೋಪುಗಳು ಬಾಯಿ ಮುಚ್ಚುತ್ತಿದ್ದವು. ಕುರಿಗಾರರ ಕಾಲುದಾರಿಯಲ್ಲಿ ಆಚೆಯ ಊರಿನವರು ಕಂಬಳಿ, ಒಣಹಣ್ಣು ಹೊತ್ತು ನಮ್ಮೂರಿಗೆ ಬರುತ್ತಿದ್ದರು. ನಮ್ಮವರು ಅಲ್ಲಿಗೆ ಹೋಗುತ್ತಿದ್ದರು. ಎರಡೂ ಕಡೆಯ ಮದುವೆಗಳೆಲ್ಲ ಆ ತಿಂಗಳುಗಳಲ್ಲೇ. ಅಕ್ಕನದೂ ಹಾಗೇ ಆದದ್ದು. ಮದುವೆಯ ಕಾಲವೆಂದು ದಂಡಿನವರು ಮರ್ಯಾದೆಗೆ ಗುಂಡು ನಿಲ್ಲಿಸುತ್ತಾರೆ ಎಂದು ನಮ್ಮೂರಲ್ಲಿ ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ನಂಬಿದ್ದರು. ಪ್ರತಿ ವರ್ಷ ಇಳಿದು ಬರುವಾಗ ದಂಡಿನವರು ಖಾನಾವಳಿಗೆ ಒಂದು ಚೀಲ ಸಕ್ಕರೆ ಕೊಡುತ್ತಿದ್ದರು. ಅದನ್ನು ನಾವು ಮದುವೆಯ ಸಕ್ಕರೆ ಎಂದೇ ಕರೆಯುತ್ತಿದ್ದೆವು. ಅಕ್ಕ ಬರುವುದೂ ಆ ತಿಂಗಳಲ್ಲಿ ಮಾತ್ರ. ಈ ಸಲ ಅವಳು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಎಂದು ಕುರಿಗಾರನ ಕೈಲಿ ಹೇಳಿ ಕಳಿಸಿದ್ದಳು. ಅವಳ ಊರಲ್ಲಿ ಸೂಲಗಿತ್ತಿ ಇಲ್ಲ. ಇದ್ದವಳು ಗುಂಡು ತಾಗಿ ಸತ್ತಿದ್ದಳು. ನಾನು ಹಳೆಯ ಸೀರೆಗಳನ್ನೆಲ್ಲ ಒಗೆದು ಮೆತ್ತಗೆ ಮಾಡಿ ಕೌದಿ ಹೊಲಿಯಲು ಕೂತಿದ್ದೆ.

ಹಿಮ ಬೀಳುವುದಕ್ಕೆ ಮೊದಲು, ಇನ್ನೂ ಬಿಸಿಲಿದ್ದ ಕಾಲದಲ್ಲಿ, ಯಮನೂರಿ ಎಂಬ ಡ್ರೈವರನ ತಾಟು ಮಾಡದಲ್ಲಿ ಉಳಿಯಿತು. ಹೊಸದಾಗಿ ಮೀಸೆ ಬಿಟ್ಟಿದ್ದವನು. ಅವನ ಹಿಂದೆಯೇ ಹೊರಟಿದ್ದ ಟ್ಯಾಂಕರು ಲಾಡಸಾಬಣ್ಣನದು. ಲಾಡಸಾಬಣ್ಣ ಇಳಿದು ಬಂದಾಗ ಅವನ ಹುಬ್ಬು ಸುಟ್ಟಿತ್ತು. ಒಣ ತುತ್ತು ಬಾಯಿಗಿಟ್ಟುಕೊಂಡ, ನುಂಗಲಾಗಲಿಲ್ಲ. "ನೀರು ಕೊಡವ್ವ" ಎಂದ. ಅವತ್ತು ಅವನು ಬೆನ್ನು ತಿರುಗಿಸಿರಲಿಲ್ಲ. ಅತ್ತೆ ಯಮನೂರಿಯ ತಾಟು ತೊಳೆಯಲು ಹೋದಳು. ಬೂದಿ ಹಚ್ಚಿ ತಿಕ್ಕಿದಳು, ಮತ್ತೆ ಹಚ್ಚಿ ಮತ್ತೆ ತಿಕ್ಕಿದಳು. ಸಂಜೆಗೆ ಬಂದ ಬೇರೆ ಡ್ರೈವರು "ಊಟ ಹಾಕ್ರಿ" ಎಂದ. ಅದೇ ತಾಟು ಕೈಗೆ ಬಂತು. ನಾನು ಬಡಿಸಿದೆ.

ಅದಾಗಿ ಕೆಲವೇ ದಿನಕ್ಕೆ ಸುಬೇದಾರ ಮಾದಯ್ಯನವರು ಘಾಟಿನಿಂದ ಇಳಿದು ಬಂದರು. ಬಯಲುಸೀಮೆಯವರು, ಮೆಲ್ಲಗೆ ಮಾತಾಡುವವರು. ಚಾವಡಿಯ ಮುಂದೆ ಊರವರನ್ನು ಕೂರಿಸಿದರು. ಹೆಂಗಸರೆಲ್ಲ ಗೋಡೆಗೆ ಆತು ನಿಂತೆವು. "ನೋಡಿ, ನಮ್ಗೆ ಗಾಳಿ ಬೇಕು" ಎಂದು ಅವರು ನೇರವಾಗಿಯೇ ಹೇಳಿದರು. "ದೊಡ್ಡ ಪಂಖ ನಿಲ್ಲಿಸ್ತೀವಿ. ಗಾಳಿ ಅದನ್ನ ತಿರುಗಿಸಿದ್ರೆ ಕರೆಂಟು. ಎಣ್ಣೆನೇ ಬೇಡ. ಎಣ್ಣೆ ಬೇಡ ಅಂದ್ರೆ ಟ್ಯಾಂಕರ್ ಬೇಡ, ಟ್ಯಾಂಕರ್ ಬೇಡ ಅಂದ್ರೆ ಡ್ರೈವರ್ಗಳು ಸಾಯೋದಿಲ್ಲ. ಹೊಗೆನೂ ಇಲ್ಲ. ನಿಮ್ಮ ಹಳ್ಳದ ನೀರಲ್ಲಿ ಎಣ್ಣೆ ತೇಲೋದೂ ನಿಲ್ಲುತ್ತೆ."

ದುಂಡಪ್ಪಜ್ಜ ಬಾಯೊಳಗಿನ ಎಲೆಯಡಿಕೆ ಉಗಿದು ಬಂದು ಕೂತ. "ನನ್ನ ಗಾಳಿ ಇಷ್ಟು ದಿನ ಜೋಳ ತೂರೈತ್ರಿ, ಸಾಹೇಬ್ರ. ಗುಂಡು ತೂರಾಕ ಕೊಡಂಗಿಲ್ಲ."

"ಅಜ್ಜಾ, ನಿನ್ನ ಗಾಳಿ ಯಾರ ಕೇಳ್ಯಾರು? ಅದರಿಂದ ಬೀಡಿ ಆರಂಗಿಲ್ಲ" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಸುಬೇದಾರರೂ ನಕ್ಕು, "ಗುಂಡಿಗಲ್ಲ ತಾತ. ಅನ್ನ ಬೇಯಿಸೋಕೆ, ಕೈಕಾಲು ಬೆಚ್ಚಗಿಡೋಕೆ" ಎಂದರು.

ಅತ್ತೆ ಗೋಡೆ ಬಿಟ್ಟು ಮುಂದೆ ಬಂದಳು. "ಟ್ಯಾಂಕರ ನಿಂತ್ರ ನನ್ನ ಖಾನಾವಳ್ಯಾಗ ಯಾರು ಉಣ್ತಾರ್ರಿ? ಪಂಖಾ ಉಣ್ತೈತೇನು? ಟೈರ್ ಅಂಗಡಿಯವ, ಚಾದ ಅಂಗಡಿಯವ, ಎಲ್ಲಾರೂ ಮಣ್ಣು ತಿನ್ನೂದೇನು?" ಹೌದು ಹೌದು ಎಂದು ಊರೇ ಎಂದಿತು. ಸುಬೇದಾರರು ತಲೆ ಬಗ್ಗಿಸಿದರು. ಲಾಡಸಾಬಣ್ಣ ಟ್ಯಾಂಕರಿನ ನೆರಳಲ್ಲಿ ಕೂತು ಬೂಟಿನ ಹಗ್ಗ ಬಿಚ್ಚಿ ಕಟ್ಟಿ, ಮತ್ತೆ ಬಿಚ್ಚಿ ಕಟ್ಟುತ್ತಿದ್ದ. ಅವನನ್ನು ಯಾರೂ ಕೇಳಲಿಲ್ಲ. ಸಾಯುವವನನ್ನು ಬಿಟ್ಟು ಉಳಿದವರೆಲ್ಲ ಮಾತಾಡಿದೆವು. ಮಾತಾಡಿದೆವು ಎಂದರೆ ನಾನೂ ಆಡಲಿಲ್ಲ. ಆಡಬೇಕೆಂದರೂ ಅಷ್ಟು ಮಂದಿಯ ಮುಂದೆ ನನ್ನ ಬಾಯಿ ಏಳುವುದಿಲ್ಲ.

ಮಾರನೆಯ ದಿನ ಶಾಲೆಯ ಗಂಟೆ ಹೊಡೆಯಿತು. ಗಾಳಿ ಬಂತು. ನಾನು ಸೆರಗೊಡ್ಡಿ "ಘಾಟಿಗೆ" ಎಂದೆ. ಮತ್ತೆ ಮನೆಗೆ ಹಚ್ಚಿ ಕೊಡಿ ಎಂದು ಯಾರಿಗೂ ಹೇಳಲಿಲ್ಲ. ಅದು ಒಂದು ಕ್ಷಣ ಹಿತ್ತಲಲ್ಲೇ ಸುತ್ತಿತು. ಕೌದಿಯ ತುಂಡುಗಳನ್ನು ಎತ್ತಿ ನೋಡಿತು. ಆಮೇಲೆ ಬೇಲಿ ಹಾರಿ ಹೋಯಿತು. ಅತ್ತೆಗೆ ಗೊತ್ತಾದದ್ದು ಹಗ್ಗದ ಮೇಲಿನ ಬಟ್ಟೆ ಒಣಗದಿದ್ದಾಗ. ಕೈಯಲ್ಲಿದ್ದ ಸೌಟು ನೆಲಕ್ಕೆ ಎಸೆದು, "ಮೂಕಿ ಅನ್ಕೊಂಡಿದ್ನಿ. ಮೂಕಿ ಬಾಯಾಗ ಊರು ನುಂಗುವ ಮಾತ ಐತಿ" ಎಂದಳು.

ಊರವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ, ಅದಕ್ಕಿಂತ ಕೆಟ್ಟದಾಯಿತು. ದಂಡಿನವರು ಡೋಲು ಬಾರಿಸುತ್ತಾ ಬಂದು ನನ್ನ ಕೊರಳಿಗೆ ಹಾರ ಹಾಕಿದರು. ಡ್ರೈವರುಗಳ ಹೆಂಡಂದಿರು ಬಯಲಿನಿಂದ ಬಸ್ಸು ಹತ್ತಿ ಬಂದು ನನ್ನ ಕೈ ಹಿಡಿದು ಅತ್ತರು. ಲಾಡಸಾಬಣ್ಣನ ಹೆಂಡತಿ ಬಳೆ ತಂದಿದ್ದಳು. ಯಮನೂರಿಯ ತಾಯಿಯೂ ಬಂದಿದ್ದಳು. ಅವಳು ನನ್ನ ಮುಖವನ್ನೇ ನೋಡಿದಳು. ಒಂದಿಷ್ಟು ಮೊದಲೇ ಕೊಟ್ಟಿದ್ದರೆ ಎಂದು ಅವಳ ಕಣ್ಣು ಕೇಳಿದಂತೆ ನನಗೆ ಅನಿಸಿತು. ಹಾರ ಕುತ್ತಿಗೆಗೆ ತುರಿಸುತ್ತಿತ್ತು. ತೆಗೆಯಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಕಂಬದ ಹಿಂದೆ ನಿಂತಿದ್ದೆ.

ಟ್ಯಾಂಕರುಗಳು ನಿಂತವು. ಮಾಡ ಖಾಲಿಯಾಯಿತು. ಖಾನಾವಳಿಯೂ ಖಾಲಿಯಾಯಿತು. ಲಾಡಸಾಬಣ್ಣ ಕೆಲಸವಿಲ್ಲದೆ ಬಂದು ಅತ್ತೆಯ ಒಲೆಗೆ ಕಟ್ಟಿಗೆ ಒಡೆಯಲು ನಿಂತ. "ಸ್ಟೇರಿಂಗ್ ಹಿಡಿದ ಕೈ, ಕೊಡಲಿ ಎಡಕ್ಕ ಎಳೀತೈತಿ" ಎಂದು ನಗಿಸಿದ. ಅವನು ದಪ್ಪಗಾದ. ಊಟ ಮಾಡುವಾಗ ತಾಟು ನೆಕ್ಕಿ ಏಳುತ್ತಿದ್ದ. ಅದನ್ನು ನೋಡಿದರೆ ನನಗೆ ಸಮಾಧಾನವಾಗುತ್ತಿತ್ತು.

ಹಿಮ ಬಿತ್ತು. ಊರವರು ಚಪ್ಪರಕ್ಕೆ ಗಳ ತಂದರು. ಆದರೆ ದಂಡು ಇಳಿಯಲಿಲ್ಲ, ಗುಂಡೂ ನಿಲ್ಲಲಿಲ್ಲ. ಬೆಳಿಗ್ಗೆ ಮುಸುರೆ ತೊಳೆಯುವಾಗ ಧಡ್ ಎಂದು ಸದ್ದಾದರೆ ಬೋಗುಣಿಯ ನೀರು ನಡುಗುತ್ತಿತ್ತು. ಯಾರ ಮನೆಯಲ್ಲೂ ಇನ್ನೂ ಲಗ್ನ ಗೊತ್ತಾಗದ್ದರಿಂದ ಮದುವೆಯ ಕಾಲ ಬಂದದ್ದು ದಂಡಿನವರಿಗೆ ತಿಳಿಯದೆ ಹೋಯಿತೇನೋ ಎಂದು ಹಿರಿಯರು ಯೋಚಿಸಿದರು. ಗಡಿಬಿಡಿಯಲ್ಲಿ ಒಂದು ಮದುವೆ ನಿಶ್ಚಯ ಮಾಡಿದರು. ಅರಿಷಿಣ ಕುಂಕುಮದ ತಟ್ಟೆ ಹಿಡಿದು ದುಂಡಪ್ಪಜ್ಜ ಘಾಟಿನ ಬುಡಕ್ಕೆ ಹೋಗಿ ಕಾದ. ಸುಬೇದಾರ ಮಾದಯ್ಯನವರು ತಟ್ಟೆ ನೋಡಿ ಅಜ್ಜನ ಜೊತೆಯೇ ಖಾನಾವಳಿಗೆ ಬಂದರು. ಬೆಚ್ಚಗಿನ ಕೋಟು, ಬಣ್ಣ ಬಂದ ಮುಖ. ಅವರಿಗೆ ನಮ್ಮ ಮಾತು ಅರ್ಥವಾಗಲು ಹೊತ್ತು ಹಿಡಿಯಿತು.

"ಮದ್ವೆಗಾ?" ಎಂದರು. "ಅಯ್ಯೋ ತಾತ, ಮದ್ವೆಗೆ ಅಂತ ಯಾರು ಯುದ್ಧ ನಿಲ್ಲಿಸ್ತಾರೆ? ಹಿಮ ಬಿದ್ರೆ ಎಣ್ಣೆ ಬರ್ತಿರ್ಲಿಲ್ಲ, ಇದ್ದದ್ದು ಖಾಲಿಯಾಗ್ತಿತ್ತು. ತೋಪು ಚಳಿಗೆ ಸೆಟೆದುಕೊಂಡ್ಬಿಡ್ತಿತ್ತು. ಆಚೆಯವ್ರಿಗೂ ಅದೇ ಗತಿ. ಅದಕ್ಕೆ ಇಳೀತಿದ್ವಿ. ಮಿಕ್ಕ ಸಕ್ಕರೆ ಹೊತ್ಕೊಂಡು ಯಾಕೆ ಹೋಗೋದು ಅಂತ ಇಲ್ಲಿ ಕೊಡ್ತಿದ್ವಿ." ಆಮೇಲೆ ನನ್ನ ಕಡೆ ತಿರುಗಿ, ನಿಜವಾದ ಪ್ರೀತಿಯಿಂದ, "ಈಗ ಈ ತಾಯಿಯ ದಯೆ. ನಾವು ಇಳೀಬೇಕಾಗಿಲ್ಲ. ನಾವು ಕೂತಿದ್ದೀವಿ ಅಂತ ಆಚೆಯವ್ರೂ ಮೇಜು ಕುರ್ಚಿ ಸುಟ್ಕೊಂಡು ಕೂತಿದ್ದಾರೆ" ಎಂದರು.

ಯಾರೂ ನನ್ನನ್ನು ನೋಡಲಿಲ್ಲ. ಎಲ್ಲರೂ ನೋಡಿದ್ದರೆ ಚೆನ್ನಾಗಿತ್ತು. ಅಜ್ಜ ಕುಂಕುಮದ ತಟ್ಟೆಯ ಮೇಲೆ ಟವೆಲ್ ಮುಚ್ಚಿದ. ಆ ಮಿಕ್ಕ ಸಕ್ಕರೆಯನ್ನು ಅಷ್ಟು ವರ್ಷ ನಾವು ಹಣೆಗೊತ್ತಿಕೊಂಡು ಹಂಚಿದ್ದೆವು. ಅತ್ತೆ ಅರ್ಧ ಹೊಲಿದ ಕೌದಿಯನ್ನು ಮಡಚಿ ಪೆಟ್ಟಿಗೆಯೊಳಗಿಟ್ಟಳು. ಅಕ್ಕನಿಗೆ ದಿನ ತುಂಬುತ್ತಾ ಬಂದಿತ್ತು. ಆಚೆಯ ಊರಿನವರು ಕಾಲುದಾರಿಯ ತುದಿಯ ಬಂಡೆಗಳ ಹಿಂದೆ ಗುಂಡು ನಿಲ್ಲುವುದನ್ನೇ ಕಾಯುತ್ತಾ ಗುಡಾರ ಹಾಕಿದ್ದಾರೆ ಎಂದು, ರಾತ್ರಿ ನುಸುಳಿ ದಾಟಿ ಬಂದ ಕುರಿಗಾರ ಹೇಳಿದ. ಅಕ್ಕನೂ ಅಲ್ಲಿದ್ದಾಳೆ. "ಈ ವರ್ಷ ಮದವಿ ತಡಾ ಆದ್ವೇನು ಅಂತ ಕೇಳಾಕತ್ತಿದ್ಲು" ಎಂದ.

ಅವ್ವನ ಗಾಳಿ. ಅಕ್ಕನದಾಗಬೇಕಿದ್ದ ಗಾಳಿ. ಅದೇ ಈಗ ಅಕ್ಕನ ದಾರಿಯ ಮೇಲೆ ಗುಂಡು ಹಾರಿಸುವವರ ಕೈಕಾಲು ಕಾಯಿಸುತ್ತಿತ್ತು. ನಾನು ಅದನ್ನು ಒಳ್ಳೆಯದಕ್ಕೇ ಕೊಟ್ಟಿದ್ದೆ. ಒಳ್ಳೆಯದೂ ಆಗಿತ್ತು. ಆ ಒಳ್ಳೆಯದು ನನ್ನ ಕಣ್ಣೆದುರಿಗೇ ಕಟ್ಟಿಗೆ ಒಡೆಯುತ್ತಿತ್ತು. ಇದನ್ನು ಯಾರಿಗೆ ಹೇಳಲಿ? ಹಿತ್ತಲಿಗೆ ಹೋದರೆ ಅಲ್ಲಿ ಗಾಳಿಯೂ ಇರಲಿಲ್ಲ.

ಲಾಡಸಾಬಣ್ಣ ಕೊಡಲಿ ಗೋಡೆಗೆ ಒರಗಿಸಿ ಬಚ್ಚಲ ಹತ್ತಿರ ಬಂದು ನಿಂತ. ನಾನು ಯೋಚಿಸುವುದು ಅವನಿಗೆ ತಿಳಿದಿತ್ತು. ನಾನು ಇಷ್ಟು ದಿನ ಅವನ ಬೆನ್ನು ಓದಿದಂತೆ ಅವನೂ ನನ್ನದನ್ನು ಓದಿರಬೇಕು.

"ಹೋಗ್ತೀಯೇನು, ತಂಗಿ?"

ನಾನು ತಾಟು ತಿಕ್ಕುತ್ತಲೇ ಇದ್ದೆ.

"ನೀ ವಾಪಸ್ ಕರದಿ ಅಂದ್ರ ಹಿಮ ಕರಗೂದ ತಡಾ, ನನಗ ಟ್ಯಾಂಕರ ಕೀಲಿ ಕೊಡ್ತಾರ." ಅವನು ನೆಲ ನೋಡಿದ. "ಬಂಗಾರವ್ವ ನನ್ನ ಕೈಯಾಗ ಆಡಿದ ಹುಡುಗಿ. ಕರಿ ಅನ್ಬೇಕು ನಾನು. ಅನ್ನಾಕ ಬಾಯಿ ಬರವಲ್ದು. ಕರೀಬ್ಯಾಡ ಅನ್ನಾಕತ್ತೈತಿ. ನಾ ಇಂಥಾಂವ ಅಂತ ನನಗ ಗೊತ್ತಿರಲಿಲ್ಲ, ನೀಲವ್ವ."

ಅಷ್ಟು ದೊಡ್ಡ ಮನುಷ್ಯ ಬಚ್ಚಲ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ಅವನಿಗೆ ನನ್ನ ಮುಖ ನೋಡಲು ನಾಚಿಕೆ, ನನಗೆ ಅವನದು. ನೀರಿನ ಚೆಂಬು ಅವನ ಪಕ್ಕಕ್ಕಿಟ್ಟು ಒಳಗೆ ಹೋದೆ.

ಬೆಳಿಗ್ಗೆ ಘಾಟು ಹತ್ತಿದೆ. ಕೊಟ್ಟ ಗಾಳಿಯ ಬೆನ್ನು ಹತ್ತಿ ಹೋಗುತ್ತಿದ್ದೇನೆ ಎಂದು ಊರಿಗೆಲ್ಲ ಕಂಡಿತು. ಬಾವಿಕಟ್ಟೆಯ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು, "ಕೊಟ್ಟಾಕಿ ನೋಡಾಕ ಹೊಂಟ್ಲು" ಎಂದಳು, ಮೆಲ್ಲಗೇನಲ್ಲ. ಹಿಮದಲ್ಲಿ ಮೊಣಕಾಲುಮಟ್ಟ ಹೂತು, ಎದ್ದು, ಹತ್ತುವಾಗಲೂ ಆ ಮಾತು ನನ್ನ ಬೆನ್ನಿಗೆ ಅಂಟಿಕೊಂಡಿತ್ತು. ವಾಪಸ್ ಕರೆಯಬೇಕೋ ಬೇಡವೋ ಎಂದು ನೆತ್ತಿ ಮುಟ್ಟುವವರೆಗೂ ನನಗೆ ಗೊತ್ತಿರಲಿಲ್ಲ.

ಪಂಖ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು. ಅದರ ಸುತ್ತ ನನ್ನ ಗಾಳಿ ಹಗಲೂ ರಾತ್ರಿಯೂ ತಿರುಗಿ ದನಿ ಒಡೆದುಕೊಂಡಿತ್ತು. ಮನೆಯಿಲ್ಲದ ಜಾಗದಲ್ಲಿ ಅದಕ್ಕೆ ಬರುವ ಹೊತ್ತೂ ಇಲ್ಲ, ಹೋಗುವ ಹೊತ್ತೂ ಇಲ್ಲ. ಸಿಪಾಯಿಗಳು ನನ್ನನ್ನು ಗುರುತಿಸಿ, "ಗಾಳಿ ತಾಯಿ ಬಂದ್ರು" ಎಂದು ಓಡಿ ಬಂದರು. ಕುರ್ಚಿ ತಂದರು. ಬಿಸಿ ಚಹಾ ತಂದರು. ನಾನು ಕುರ್ಚಿಯಲ್ಲಿ ಕೂರಲಾರದೆ ಪಂಖದ ಬುಡದ ಕಲ್ಲಿನ ಮೇಲೆ ಕೂತೆ.

ನಾನು ಕರೆಯಲಿಲ್ಲ. ಬಾಯಿ ತೆರೆಯಲೇ ಇಲ್ಲ. ಆದರೂ ಅದು ಬಂತು. ಪಂಖ ಬಿಟ್ಟು ಇಳಿದು ನನ್ನ ಸೆರಗಿನೊಳಗೆ ಹೊಕ್ಕು, ದನ ನೆರಳಿಗೆ ಬಂದು ಮಲಗಿದಂತೆ ಮಲಗಿತು. ಪಂಖದ ರೆಕ್ಕೆಗಳು ನಿಧಾನವಾದವು, ನಿಂತವು. ಕೊಟ್ಟವರು ಬೆನ್ನು ಹತ್ತಿ ಹೋಗಬಾರದು ಎಂದು ಹಿರಿಯರು ಯಾಕೆ ಹೇಳುತ್ತಿದ್ದರೆಂದು ಆಗ ತಿಳಿಯಿತು. ನಾನು ಎದ್ದರೆ ಅದು ಮತ್ತೆ ಕೆಲಸಕ್ಕೆ ಹೋಗುತ್ತದೆ, ಕೂತಿರುವವರೆಗೆ ಹೋಗುವುದಿಲ್ಲ. ನಾನು ಕೂತೇ ಇದ್ದೆ.

ಮೊದಲು ಅಡುಗೆಯವನು ಹೊರಗೆ ಬಂದ. ಆಮೇಲೆ ಒಬ್ಬೊಬ್ಬರೇ ಎಲ್ಲರೂ ಬಂದರು. ಒಲೆ ಆರಿತ್ತು. ಮಧ್ಯಾಹ್ನ ತಿರುಗುವ ಹೊತ್ತಿಗೆ ತೋಪುಗಳ ಮೇಲೆ ಬಿಳಿ ಪದರ ಕಟ್ಟಿತು. ಅವರ ಬಾಯಿಂದ ಹೊಗೆ ಬರುತ್ತಿತ್ತು, ಮೂಗು ಕೆಂಪಾಗಿತ್ತು. ಬಹಳ ಜನ ನನ್ನ ವಯಸ್ಸಿನವರು. ಒಬ್ಬ ಕೈಗಳನ್ನು ಕಂಕುಳಲ್ಲಿಟ್ಟು ಕುಣಿಯುತ್ತಿದ್ದ. ಅವರನ್ನು ಚಳಿಗೆ ಹಾಕಿದವಳು ನಾನೇ. ನನ್ನ ಕೈಯಲ್ಲಿ ಅವರೇ ಕೊಟ್ಟ ಚಹಾದ ಲೋಟ. ಒಂದು ದಂಡಿಗೆ ದಂಡೇ ನಿಂತು ನನ್ನನ್ನು ನೋಡುತ್ತಿತ್ತು. ಅಲ್ಲಿ ಮರೆಯಾಗಲು ಒಂದು ಕಂಬವೂ ಇರಲಿಲ್ಲ. ಲೋಟ ನೆಲಕ್ಕಿಟ್ಟು ಮೊಣಕಾಲಿನ ಮೇಲೆ ತಲೆ ಇಟ್ಟುಕೊಂಡೆ.

ಸುಬೇದಾರರು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತರು. "ಏಳಮ್ಮ" ಎಂದರು. ನಾನು ಏಳಲಿಲ್ಲ. "ನಿನ್ನ ಎತ್ತಿ ಆಚೆ ಇಡೋಕೆ ಇಬ್ರು ಸಾಕು. ಆದ್ರೆ ಹಾರ ಹಾಕಿದ ಕೈಲಿ ಅದನ್ನ ಮಾಡೋಕಾಗುತ್ತಾ? ಆಚೆಯವ್ರು ನುಗ್ಗಿ ಬಂದ್ರೆ ಈ ಹುಡುಗ್ರ ಗತಿ ಏನು, ಹೇಳು?" ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಾನು ಮತ್ತೆ ಒಂದು ಕಡೆಯಷ್ಟೇ ನೋಡಿ ಇನ್ನೊಂದು ಕಡೆ ಮರೆತಿದ್ದೆ.

ಆಚೆಯವರು ಬರಲಿಲ್ಲ. ಅವರು ಸ್ವಲ್ಪ ಹೊತ್ತು ಗುಂಡು ಹಾರಿಸಿದರು. ಸೆಟೆದುಕೊಂಡ ನಮ್ಮ ತೋಪುಗಳಿಂದ ಉತ್ತರ ಹೋಗಲಿಲ್ಲ. ನಮ್ಮ ಕಡೆ ಹೊಗೆಯೂ ಕಾಣಲಿಲ್ಲ. ಆಮೇಲೆ ಅವರ ಸದ್ದೂ ನಿಂತಿತು. ಅಷ್ಟು ಸುಮ್ಮನಾಯಿತೆಂದರೆ, ಕಾಲುದಾರಿಯ ಮೇಲೆ ಯಾರೋ ಕೆಮ್ಮಿದ್ದು ನೆತ್ತಿಯವರೆಗೆ ಕೇಳಿಸಿತು.

ಬಂಡೆಗಳ ಹಿಂದಿನಿಂದ ಗಂಟು ಹೊತ್ತವರು, ಕಂಬಳಿ ಹೊದ್ದವರು ಸಾಲಾಗಿ ಘಾಟಿನ ನೆತ್ತಿಗೆ ಹತ್ತಿ ಬಂದರು. ನಡುವೆ ಅಕ್ಕ. ಸೊಂಟಕ್ಕೆ ಕೈ ಕೊಟ್ಟು, ಅಗಲಗಲ ಹೆಜ್ಜೆ ಇಟ್ಟು ಬರುತ್ತಿದ್ದಳು. ಪಂಖದ ಹತ್ತಿರ ಬಂದವಳು ನನ್ನನ್ನು ನೋಡಿ ನಕ್ಕಳು. "ನೀಲೀ! ಕರ್ಕೊಂಡು ಹೋಗಾಕ ಇಲ್ಲೀತನಕಾ ಬಂದೀಯೇನ? ಏಳು, ಏಳು, ಹೊಟ್ಟಿ ಹಿಡ್ಯಾಕತ್ತೈತಿ." ನಾನು ಆಗದು ಎಂದು ತಲೆಯಾಡಿಸಿದೆ. ಆಗ ನನ್ನ ಸೆರಗು ತಾನಾಗಿ ಎದ್ದು ಅವಳ ಹೊಟ್ಟೆಯ ಮೇಲೆ ಆಡಿತು. ಅಕ್ಕನ ನಗು ನಿಂತಿತು.

"ಇದು ಅವ್ವನ ಗಾಳಿ ಅಲ್ಲೇನು? ಇಲ್ಲ್ಯಾಕ ಬಂತು?"

"ನಾನ ಕೊಟ್ಟೇನಿ."

ಅವಳು ನಿಂತ ಪಂಖ ನೋಡಿದಳು. ಹಿಮ ಕಟ್ಟಿದ ತೋಪು ನೋಡಿದಳು. ಇಷ್ಟು ದಿನ ತನ್ನನ್ನು ಬಂಡೆಯ ಹಿಂದೆ ಕೂರಿಸಿದ್ದು ಯಾವುದೆಂದು ಅವಳಿಗೆ ಅರ್ಥವಾಗುವುದನ್ನು ನಾನು ನೋಡುತ್ತಾ ಕೂತಿದ್ದೆ. ಬಯ್ದಿದ್ದರೆ ಹಗುರವಾಗುತ್ತಿತ್ತು. ಅವಳು ಬಯ್ಯಲಿಲ್ಲ. ತನ್ನ ಕಂಬಳಿ ತೆಗೆದು ನನ್ನ ಹೆಗಲಿಗೆ ಹಾಕಿದಳು. ನೋವು ಬಂದು ಬಗ್ಗಿ, ತುಟಿ ಕಚ್ಚಿದಳು. ಎದ್ದು ಹಿಡಿಯಬೇಕಾದವಳು ನಾನು. ಏಳುವಂತಿರಲಿಲ್ಲ. ಅವಳ ಹಿಂದೆ ಇನ್ನೂ ಜನ ಬರುತ್ತಿದ್ದರು.

ಅವಳನ್ನು ಹಿಡಿದದ್ದು ಲಾಡಸಾಬಣ್ಣ. ಅವನು ಯಾವಾಗ ಘಾಟು ಹತ್ತಿ ಬಂದನೋ ನಾನು ನೋಡಿರಲಿಲ್ಲ. ಏದುಸಿರು ಬಿಡುತ್ತಿದ್ದ. ನನ್ನ ಕಡೆ ಅವನು ಬೆನ್ನು ತಿರುಗಿಸಿಯೇ ನಿಂತಿದ್ದ. "ನಡಿಯವ್ವ ಬಂಗಾರಿ, ಸಾವಕಾಶ ಕಾಲಿಡು. ಈ ರಸ್ತಾದಾಗ ನನಗ ತಿಳೀದ ತಿರುವಿಲ್ಲ" ಎಂದು ಅವಳ ತೋಳು ಹಿಡಿದು ಇಳಿಸಿಕೊಂಡು ಹೋದ. ತಿರುವಿನಲ್ಲಿ ಮರೆಯಾಗುವವರೆಗೂ ಅವರು ಕಂಡರು.

"ನಿಮ್ಮಕ್ಕ ಬಂದಾಯ್ತಲ್ಲ" ಎಂದರು ಸುಬೇದಾರರು. "ಇನ್ನು ಯಾವಾಗ ಏಳ್ತೀಯಮ್ಮ?"

ಎಲ್ಲ ಸಿಪಾಯಿಗಳೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮುಖ ಸುಡುತ್ತಿತ್ತು. ಅಷ್ಟು ಮಂದಿಯ ಮುಂದೆ ನಾನು ಹುಟ್ಟಿದಾಗಿನಿಂದ ಮಾತಾಡಿದವಳಲ್ಲ. ಬಂದ ಮಾತಾದರೂ ಎಂಥದು, ಖಾನಾವಳಿಯಲ್ಲಿ ಗಿರಾಕಿಯ ಜೊತೆ ಚೌಕಾಸಿ ಮಾಡಿದಂಥದು.

"ಬ್ಯಾಸಗ್ಯಾಗ ಗಾಳಿ ನಿಮಗ್ರಿ. ಟ್ಯಾಂಕರ ಬರೂದು ಬ್ಯಾಡ. ಹಿಮ ಬಿದ್ದಾಗಿಂದು ಕೊಡಂಗಿಲ್ಲ. ಪ್ರತಿ ವರ್ಷ ಬಂದು ಇಲ್ಲೇ ಕೂಡ್ತೇನಿ."

"ಈ ವರ್ಷ?"

"ನೀವು ಇಳದ ಮ್ಯಾಲ ಏಳ್ತೇನ್ರಿ."

ಸುಬೇದಾರರು ಎದ್ದು ನಿಂತು ಎದುರಿನ ಗುಡ್ಡ ನೋಡಿದರು. ಅಲ್ಲಿ ಹೊಗೆ ಇರಲಿಲ್ಲ. ದೂರಕ್ಕೆ ಸಣ್ಣಗೆ ಕಾಣುವ ಆಚೆಯ ದಂಡಿನವರು ಹೊರೆ ಹೊತ್ತು ತಮ್ಮ ಕಡೆಯ ಇಳಿಜಾರಿಗೆ ಇಳಿಯುತ್ತಿದ್ದರು. ನಮ್ಮ ಹಿಂದೆ ಒಬ್ಬ ಸಿಪಾಯಿ, ಕಂಕುಳಲ್ಲಿ ಕೈ ಇಟ್ಟುಕೊಂಡಿದ್ದವನೇ ಇರಬೇಕು, ಹಾಸಿಗೆ ಸುತ್ತತೊಡಗಿದ. ಹಗ್ಗ ಬಿಗಿಯುವ ಸದ್ದು ಕೇಳಿತು. ಸುಬೇದಾರರು ಅವನಿಗೆ ಬೇಡ ಎನ್ನಲಿಲ್ಲ. ನಾನು ತಲೆ ಎತ್ತಲಿಲ್ಲ.